ಸಿಂದಗಿ ಬಸ್ಸಿನ ಒಡಪು ಕಟ್ಟಿದವರು

ಇದರಲ್ಲಿ ಕೆಲವು ವಿವರಗಳನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ಹೆಡ್‌ಮಾಸ್ತರರು ಅವತ್ತು ಚುರುಮರಿ ತಿನ್ನುತ್ತಿದ್ದರು ಎಂದು ನನ್ನ ನೆನಪು. ಅವರ ಮೇಲಿನ ಸಿಟ್ಟಿಗೆ ನಾನೇ ಆಮೇಲೆ ಅವರ ಮೀಸೆಗೆ ಒಂದೆರಡು ಕಾಳು ಅಂಟಿಸಿದ್ದರೂ ಅಂಟಿಸಿರಬಹುದು.

ನಾನು ಸಿಂದಗಿಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಹೋದ ವರ್ಷ ಒಂಬತ್ತನೆಯ ತರಗತಿಯವರಿಂದ ಸಾಹಿತ್ಯದ ಮೇಲೆ ಸಂಶೋಧನಾ ಪ್ರಬಂಧ ಬರೆಸಬೇಕೆಂದು ಹುಕುಂ ಬಂತು. ವಿಷಯವನ್ನು ಮಕ್ಕಳೇ ಆರಿಸಲಿ ಎಂದೆ. ವಿಶ್ವವಿದ್ಯಾಲಯದಲ್ಲಿ ಓದಿ ಬಂದವರಿಗೆ ಇಂಥ ಔದಾರ್ಯ ಆಗಾಗ ಉಕ್ಕುತ್ತದೆ. ಮರುದಿನ ಅರ್ಧ ತರಗತಿ ‘ಜನಪದ ಸಾಹಿತ್ಯದ ಮಹತ್ವ’ ಆರಿಸಿಕೊಂಡು ಬಂದಿತ್ತು, ಉಳಿದರ್ಧ ‘ಜಾನಪದದ ಮಹತ್ವ’. ಬಸ್ ಸ್ಟ್ಯಾಂಡಿನ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ಇವೆರಡೂ ಚಿತ್ರ ಅಂಟಿಸಿ, ವಿದ್ಯಾರ್ಥಿಯ ಹೆಸರಿನ ಜಾಗ ಮಾತ್ರ ಖಾಲಿ ಬಿಟ್ಟು ಸಿದ್ಧವಾಗಿ ಸಿಗುತ್ತಿದ್ದವು.

“ಇದನ್ನ ಯಾರರೆ ಓದೀರೇನು?” ಎಂದು ಕೇಳಿದೆ.

“ಓದಾಕಲ್ರಿ ಅಕ್ಕೋರ, ಇದು ಸಬ್‌ಮಿಟ್ ಮಾಡಾಕ್ರಿ,” ಎಂದು ಹಿಂದಿನ ಬೆಂಚು ತಿಳಿಸಿಕೊಟ್ಟಿತು.

ನನ್ನ ಎಂ.ಎ. ಪ್ರಬಂಧವನ್ನೂ ಯಾರೂ ಓದಿಲ್ಲವೆಂಬುದು ನೆನಪಾಯಿತು.

ಒಬ್ಬಳು ಮಾತ್ರ ಝೆರಾಕ್ಸ್ ಅಂಗಡಿಗೆ ಹೋಗಿರಲಿಲ್ಲ. ಆಗಷ್ಟೇ ಅವಳ ಅಕ್ಕನ ಮದುವೆಯಾಗಿತ್ತು. ನಮ್ಮ ಕಡೆ ಹೊಸ ಮದುವಣಗಿತ್ತಿ ಗಂಡನ ಹೆಸರನ್ನು ಸುಮ್ಮನೆ ಹೇಳುವಂತಿಲ್ಲ. ಪ್ರಾಸವಿರುವ ಎರಡು ಸಾಲಿನೊಳಗೆ ಸೇರಿಸಿ ಹೇಳಬೇಕು. ಅದೇ ಒಡಪು. ಹೇಳುವ ತನಕ ನಾದಿನಿಯರು ಬಾಗಿಲಿಗೆ ಅಡ್ಡ ನಿಂತು ಒಳಗೆ ಬಿಡುವುದಿಲ್ಲ. ಅವಳ ಅಕ್ಕ ಹೇಳಿದ್ದು ಹೀಗೆ, ಭಾವನ ಹೆಸರು ಬಿಟ್ಟು ಬರೆಯುತ್ತೇನೆ:

ಸಿಂದಗಿ ಬಸ್ಸಿಗೆ ಕಂಡಕ್ಟರ ಹೊಡೆದ ಸೀಟಿ,
— ರಾಯರ ಮಾತಿನ್ನೂ ಮುಗಿದಿಲ್ಲ, ಇದೆಂಥಾ ಭೇಟಿ!

“ಇದನ್ನ ಕಟ್ಟಿದವರು ಯಾರು ಅಂತ ಬರೀತೇನ್ರಿ,” ಎಂದಳು ಹುಡುಗಿ. ನಾನು ಹಿಗ್ಗಿ ಅವಳನ್ನು ಹೆಡ್‌ಮಾಸ್ತರರ ಕೋಣೆಗೆ ಕರೆದುಕೊಂಡು ಹೋದೆ. ವಿಷಯಕ್ಕೆ ಅವರ ಸಹಿ ಬೇಕಿತ್ತು.

“ಹೆಣ್ಮಕ್ಕಳು ಚ್ಯಾಷ್ಟಿ ಮಾಡಿದ್ದೆಲ್ಲಾ ಸಾಹಿತ್ಯ ಆಗ್ತೈತೇನ್ರಿ ಮೇಡಂ? ಸಾಹಿತ್ಯಕ್ಕ ಕವಿ ಅಂತ ಒಬ್ಬ ಇರಬೇಕು. ಇದು ತಲತಲಾಂತರದಿಂದ ಬಂದದ್ದು, ಕವಿನ್ನ ಎಲ್ಲಿ ಹುಡುಕ್ತಾಳಕಿ?”

“ತಲತಲಾಂತರದಾಗ ಕಂಡಕ್ಟರ ಎಲ್ಲಿದ್ನ್ರಿ ಸರ?” ಎಂದಳು ಹುಡುಗಿ.

ಚುರುಮರಿ ಬಾಯಿಯ ಹತ್ತಿರವೇ ನಿಂತಿತು. ಈ ಭಾಗ ನಿಜವೆಂದು ಪ್ರಮಾಣ ಮಾಡಬಲ್ಲೆ. “ಬರೂ ಸೋಮವಾರದೊಳಗ ಕಟ್ಟಿದವರನ್ನ ತೋರಿಸು, ಸಹಿ ಮಾಡ್ತೇನಿ. ಇಲ್ಲಂದ್ರ ಎಲ್ಲಾರ್ಹಂಗ ಸುಮ್ಮ ‘ಮಹತ್ವ’ ಬರಿ,” ಎಂದರು.

“ಝೆರಾಕ್ಸ್ ನಾ ಬರಿಯಂಗಿಲ್ರಿ ಅಕ್ಕೋರ,” ಎಂದು ಹೊರಗೆ ಬಂದ ಮೇಲೆ ಹೇಳಿದಳು. ಕಣ್ಣಲ್ಲಿ ನೀರಿತ್ತು, ದನಿಯಲ್ಲಿ ಇರಲಿಲ್ಲ. ಪ್ರಬಂಧ ಕೊಡದಿದ್ದರೆ ಅಂಕ ಹೋಗುತ್ತವೆಂಬುದು ಇಬ್ಬರಿಗೂ ಗೊತ್ತಿತ್ತು.

ಅವತ್ತಿನಿಂದ ಅವಳು ಅವ್ವನ ಮೊಬೈಲು ಹಿಡಿದು ಕೂತಳು. ಅಕ್ಕನಿಗೆ ಒಡಪು ಕಲಿಸಿದ್ದು ಹೊರ್ತಿಯ ಅಜ್ಜಿ. ಅಜ್ಜಿ ಅದನ್ನು ಕೇಳಿದ್ದು ಇಂಡಿಯಲ್ಲಿ ನಡೆದ ಒಂದು ಮದುವೆಯಲ್ಲಿ, ಮುದ್ದೇಬಿಹಾಳದ ಮನೆಯೊಂದರಿಂದ ಬಂದಿದ್ದ ಸೊಸೆಯ ಬಾಯಲ್ಲಿ. ಆ ಸೊಸೆಯ ತವರು ಬಸವನ ಬಾಗೇವಾಡಿ ತಾಲೂಕಿನ ಮಸೂತಿ. ಅವಳು ಫೋನಿನಲ್ಲಿ ಅಂದಳಂತೆ: “ನಮ್ಮ ಸಾಲಿ ಅಕ್ಕೋರು ಮದಿವಿ ಆಗೂ ಹುಡಿಗ್ಯಾರಿಗೆಲ್ಲಾ ಒಡಪು ಕಟ್ಟಿ ಕೊಡ್ತಿದ್ರವಾ. ಅವರಿಗೆ ಮಾತ್ರ ಮದಿವಿ ಆಗಿರಲಿಲ್ಲ.”

ಹುಡುಗಿ ಇದನ್ನು ಹೇಳಿದಾಗ ನನ್ನ ಕೈಯಲ್ಲಿದ್ದ ಚಾಕ್ ತುಂಡಾಯಿತು ಎಂದು ಬರೆಯಲು ಆಸೆಯಿದೆ. ಆದರೆ ಚಾಕ್ ಇರಲಿಲ್ಲ. ಮಸೂತಿಯಲ್ಲಿ ಮದುವೆಯಾಗದೆ ಉಳಿದ ಶಾಲೆಯ ಅಕ್ಕೋರು ಒಬ್ಬರೇ, ನನ್ನ ಅಪ್ಪನ ಅಕ್ಕ. ಮನೆಯಲ್ಲೇ ಇದ್ದ ಕವಿಯನ್ನು ಬಿಟ್ಟು ನಾನು ಜನಪದವನ್ನು ಧಾರವಾಡದ ಗ್ರಂಥಾಲಯದಲ್ಲಿ ಹುಡುಕಿದ್ದೆ.

ಭಾನುವಾರ ಮಸೂತಿಗೆ ಹೋದೆ. ಅತ್ತೆ ಕಟ್ಟೆಯ ಮೇಲೆ ಕೂತು ತೊಗರಿ ಕೇರುತ್ತಿದ್ದಳು. ಒಡಪು ಹೇಳಿ, ನೀನೇ ಕಟ್ಟಿದ್ದಾ ಎಂದು ಕೇಳಿದೆ.

“ಹೂಂ, ನಾನ ಕಟ್ಟಿದ್ದು. ಯಾಕ, ಸರಕಾರ ಕೇಸ್ ಹಾಕಾಕತ್ತೈತೇನು?”

“ಯಾಕ ಹೇಳಲಿಲ್ಲ ಇಷ್ಟ ದಿನ?”

“ನೀ ಎಲ್ಲಿ ಕೇಳಿದಿ? ದೊಡ್ಡ ಕಾಲೇಜಿನಾಕಿ ನೀ.” ಮೊರ ಕೊಡವಿದಳು. “ಬರಕೊಳ್ಳಲಿ ಆ ಹುಡುಗಿ. ಹೆಸರು ನೆಟ್ಟಗ ಬರಿ ಅನ್ನು.”

ಸೋಮವಾರ ಹೆಡ್‌ಮಾಸ್ತರರು ಸಹಿ ಮಾಡಿದರು. “ನಿಮ್ಮ ಅತ್ತಿನೇ ಕವಿ ಆದ್ರಲ್ರಿ, ಮನಿತನದ ಕೆಲಸ ಆತಿದು,” ಎಂದು ಒಂದು ಮೊಟಕು ಕೊಟ್ಟೇ ಮಾಡಿದರು. ಹುಡುಗಿ ಹಿಗ್ಗಿನಿಂದ ಕುಣಿಯುತ್ತಾಳೆಂದುಕೊಂಡಿದ್ದೆ. ಅವಳು ಹಾಳೆ ತಂದು ತೋರಿಸಿದಳು. ಒಡಪಿನಲ್ಲಿ ‘ರಾಯರ’ ಎಂಬುದಕ್ಕೆ ಮುಂಚಿನ ಜಾಗ ಖಾಲಿಯಿತ್ತು.

“ಮೊದಲನೇ ರೂಪ ಯಾವುದಂತ ಕೇಳಬೇಕು ಅಂತ ನೀವ ಕಲಿಸಿದ್ರಿ. ಇಲ್ಲಿ ಮೊದಲ ಯಾರ ಹೆಸರಿತ್ರಿ ಅಕ್ಕೋರ? ಮತ್ತೊಂದು ಡೌಟ್ ಐತ್ರಿ. ಮನ್ಯಾಗ ಇರೂ ಗಂಡನ್ನ ಬಸ್ ಸ್ಟ್ಯಾಂಡಿನ್ಯಾಗ ಯಾಕ ಭೇಟಿ ಆಗ್ತಾರ?”

ಇಷ್ಟು ಮದುವೆಗಳಲ್ಲಿ ಇಷ್ಟು ಹೆಂಗಸರು ನಕ್ಕು ಹೇಳಿದ ಸಾಲು. ನಾನೂ ನನ್ನ ಮದುವೆಯಲ್ಲಿ ಹೇಳಿದ್ದೆನೇ? ಹೇಳಿದ್ದೆನೆಂದು ಗಂಡ ಅನ್ನುತ್ತಾರೆ, ನನಗೆ ನೆನಪಿಲ್ಲ. ಈ ಡೌಟ್ ಮಾತ್ರ ನಮ್ಮಲ್ಲಿ ಯಾರಿಗೂ ಬಂದಿರಲಿಲ್ಲ.

ಆ ಜಾಗ ಖಾಲಿಯೇ ಇರಲಿ ಎಂದು ಹುಡುಗಿಗೆ ಹೇಳಿದೆ. “ಝೆರಾಕ್ಸ್‌ನ್ಯಾಗ ಇರ್ತದಲ್ರಿ, ಹಂಗ?” ಎಂದು ಮುಖ ಸಿಂಡರಿಸಿದಳು. ಮಧ್ಯಾಹ್ನದ ಬಿಡುವಿನಲ್ಲಿ ಅತ್ತೆಗೆ ಫೋನ್ ಮಾಡಿದೆ. ಅವಳು ಸಹಿಯ ಸುದ್ದಿ ಕೇಳಿ ನಕ್ಕಳು, ಹೆಡ್‌ಮಾಸ್ತರರ ಮೀಸೆಯ ಬಗ್ಗೆ ಕೇಳಿ ಇನ್ನೂ ನಕ್ಕಳು. ಆಮೇಲೆ ನಾನು ಒಂದು ಪ್ರಶ್ನೆ ಕೇಳಿದೆ, ಅವಳು ತೊಗರಿ ಒಣಗಿತು ನೋಡಬೇಕು ಎಂದು ಫೋನ್ ಇಟ್ಟಳು. ಮುಂದೆ ಹೋದಾಗಲೆಲ್ಲ ಅದನ್ನೇ ಕೇಳಿದ್ದೇನೆ, ಪ್ರತಿ ಸಲವೂ ಏನೋ ಒಂದು ಒಣಗಿರುತ್ತದೆ.

“ಅತ್ತಿ, ಸೀಟಿ ಹೊಡದಾಗ ಮಾತು ಮುಗಿಸದ ಇದ್ದವರು ಯಾರು?”