ಕಡೆಯ ನುಡಿಗೆ ಬಂದ ದನಿ

ನಮ್ಮ ಕುರಿಗಾರರ ದೇವರು ಬೀರೋಬನನ್ನು ನಂಬಿದ ಎಲ್ಲರಿಗೂ ಹನ್ನೂರಿನ ಸಿದ್ದಪ್ಪ ಪಿಸುಮಾತಿನಲ್ಲಿ ಹೇಳಿ ಬರೆಸಿದ ಶರಣು. ದೇವರು ನನಗೆ ಕೊಟ್ಟದ್ದನ್ನು ಹೇಳಬೇಕೆಂದರೆ ನನ್ನವರು ಕಸಿದುಕೊಂಡದ್ದನ್ನು ಮೊದಲು ಹೇಳಬೇಕು. ಹೊಟ್ಟೆಯುರಿ ಇನ್ನೂ ಆರಿಲ್ಲ, ಅದನ್ನೂ ಮುಚ್ಚಿಡುವುದಿಲ್ಲ.

ನಮ್ಮ ಸೀಮೆ ಸೇರಬೇಕಾದದ್ದು ಮುಂಬೈ ರಾಜ್ಯಕ್ಕೋ ಮೈಸೂರು ರಾಜ್ಯಕ್ಕೋ ಎಂದು ಜನ ಕಟ್ಟೆಯ ಮೇಲೆ ವಾದ ಮಾಡುತ್ತಿದ್ದ ವರ್ಷ ಅದು. ನನಗೆ ಅರವತ್ತು ದಾಟಿತ್ತು. ಹರೆಯವೆಲ್ಲ ಡೊಳ್ಳಿನ ಮೇಳದ ಹಿಂದಿನ ಸಾಲಿನಲ್ಲಿ ನಿಂತು ಬಾರಿಸಿದವನು ನಾನು. ಕುರಿಗಳ ಹಿಂದೆ ಅಡ್ಡಾಡುತ್ತ ಮನಸ್ಸಿನಲ್ಲೇ ಪದ ಕಟ್ಟುತ್ತಿದ್ದೆ, ಮುಂದೆ ನಿಂತು ಹಾಡಲು ನಾಚಿಕೆ. ಕುರಿಗಳನ್ನು ಮಗನಿಗೆ ಒಪ್ಪಿಸಿದ ಮೇಲೆ, ಇನ್ನು ನಾಚಿ ಯಾರಿಗೇನು ಎಂದುಕೊಂಡು ಬೀರೋಬನ ಮೇಲೆ ಒಂದು ದೊಡ್ಡ ಪದ ಕಟ್ಟಿದೆ. ಕಡೆಯ ನುಡಿಯಲ್ಲಿ, ಅಂದರೆ ಪದದ ಕೊನೆಯ ಚರಣದಲ್ಲಿ, ಕಟ್ಟಿದವನ ಊರು, ಹೆಸರು ಬರುವುದು ನಮ್ಮಲ್ಲಿಯ ರೂಢಿ. ಗುಡಿಯ ಮುಂದೆ ಒಮ್ಮೆಯಾದರೂ ನನ್ನ ಹೆಸರನ್ನು ನಾನೇ ಹಾಡಬೇಕೆಂಬ ಆಸೆ. ಮುದುಕನ ಆಸೆಗೆ ನಗುವವರು ನಗಲಿ.

ಆಗಲೇ ಗಂಟಲು ಕೈಕೊಟ್ಟಿತು. ಮೊದಲು ಗೊಗ್ಗರು ದನಿ, ಆಮೇಲೆ ನೋವು. ಅಕ್ಕಲಕೋಟದ ತನಕ ಬಂಡಿ, ಅಲ್ಲಿಂದ ಎಸ್.ಟಿ. ಬಸ್ಸು, ಸೊಲ್ಲಾಪುರದ ದವಾಖಾನೆ. ಒಳಗೆ ಗಂಟಿದೆ, ತೆಗೆಯಬೇಕು, ದನಿ ಉಳಿಯುತ್ತದೋ ಇಲ್ಲವೋ ಹೇಳಲಾರೆ ಎಂದರು ಡಾಕ್ಟರು. ದಿನ ಗೊತ್ತು ಮಾಡಿ ಊರಿಗೆ ಕಳಿಸಿದರು.

ನನ್ನ ಹೆಂಡತಿ ಲಕ್ಕವ್ವನ ತಮ್ಮ ಮಾಳಪ್ಪ ಮೇಳದ ಮುಂದಿನ ಹಾಡುಗಾರ. ನಮ್ಮ ಮನೆಯಲ್ಲೇ ಉಂಡು ಬೆಳೆದವನು. ಪದ ನನ್ನೊಂದಿಗೇ ಮಣ್ಣಾಗದಿರಲೆಂದು ಅವನನ್ನು ಎದುರಿಗೆ ಕೂರಿಸಿಕೊಂಡು, ಒಡಕು ದನಿಯಲ್ಲೇ ಎಲ್ಲ ನುಡಿ ಕಲಿಸಿದೆ. ಅವನು ನನ್ನ ಕಾಲು ಮುಟ್ಟಿದ.

"ಮಾಮಾ, ನಿಮ್ಮ ಹೆಸರ ಬಿಟ್ಟು ಈ ಪದಾ ಹಾಡಂಗಿಲ್ರಿ," ಎಂದ. ನಂಬಿದೆ.

ಗಂಟು ತೆಗೆದರು. ಮಾತಾಡಕೂಡದೆಂದು ಕಟ್ಟಪ್ಪಣೆ ಮಾಡಿದರು. ಪಕ್ಕದ ಮಂಚದ ರೋಗಿಯನ್ನು ನೋಡಲು ಭಂಡಾರಕವಠೆಯಿಂದ ಅವನ ಅಣ್ಣ ಬಂದಿದ್ದ. ನಾವು ಹನ್ನೂರಿನವರೆಂದು ತಿಳಿದದ್ದೇ ತಡ, ನಿಮ್ಮೂರ ಮಾಳಪ್ಪ ನಮ್ಮಲ್ಲಿ ಬಂದು ಎಂಥ ಪದ ಹಾಡಿದ ಎಂದು ಶುರು ಮಾಡಿದ. ಎರಡು ಸಾಲು ಗುನುಗಿಯೂ ತೋರಿಸಿದ. ಅದು ನನ್ನ ಪದ.

"ಭಾಳ ಹುಷಾರ್ ಅದಾನ್ರಿ. ತಾನೇ ಕಟ್ಯಾನ. ಕಡೀ ನುಡಿಯಾಗ ತನ್ನ ಹೆಸರ ಹಾಕ್ಯಾನಲ್ಲ."

ಎದ್ದು ಕುಳಿತೆ. ಬಾಯಿ ತೆರೆದರೆ ಬರೀ ಗಾಳಿ. ಮಂಚದ ಬದಿಗೆ ಕುಳಿತಿದ್ದ ಲಕ್ಕವ್ವನ ಮುಖ ನೋಡಿದೆ, ಅವಳು ನೆಲ ನೋಡಿದಳು. ಅವಳಿಗೆ ಮೊದಲೇ ಗೊತ್ತಿತ್ತು.

"ನಿಮ್ಮ ದನಿ ಅಂತೂ ಹ್ವಾದಂಗ. ಪದಾ ಆದ್ರೂ ಮನ್ಯಾಗ ಉಳೀಲಿ ಅಂತ ಸುಮ್ಮನಿದ್ನಿ," ಎಂದಳು.

ಗಂಟಲಿನ ಗಾಯಕ್ಕಿಂತ ಅದು ಹೆಚ್ಚು ನೋಯಿಸಿತು. ಎರಡು ದಿನ ಬಿಟ್ಟು ಮಾಳಪ್ಪ ಸೊಲ್ಲಾಪುರದ ನವಿ ಪೇಠದ ಅಂಗಡಿಯಲ್ಲಿ ಕೊಂಡ ಹೊಸ ಪಟಕಾ ತಲೆಗೆ ಸುತ್ತಿಕೊಂಡು, ಬಾಳೆಹಣ್ಣು ಹಿಡಿದು ನೋಡಲು ಬಂದ. ನಾನು ಗೋಡೆಗೆ ಮುಖ ಮಾಡಿ ಮಲಗಿದೆ. ಬೀರೋಬನನ್ನೂ ಮನಸ್ಸಿನಲ್ಲೇ ಬೈದೆ, ನೀನೂ ಅವರ ಕಡೆಗೇ ಹೋದೆಯಾ ಎಂದು ಕೇಳಿದೆ. ಹಾಳಾಗಲಿ, ಒಂದೇ ಒಂದು ಸಲ ದನಿ ಕೊಡು, ನನ್ನ ಹೆಸರು ನಾನು ಹೇಳಿಕೊಳ್ಳುತ್ತೇನೆ, ಆಮೇಲೆ ಬೇಕಾದರೆ ನೀನೇ ತೆಗೆದುಕೋ ಎಂದೆ.

ಊರಿಗೆ ಬಂದೆ, ದನಿ ಬರಲಿಲ್ಲ. ದೀಪಾವಳಿ ಅಮಾವಾಸ್ಯೆಗೆ ಗುಡಿಯ ಮುಂದೆ ಮೇಳ ಕೂಡಿತು. ಬೇರೆ ಊರಲ್ಲಿ ಹೇಗಾದರೂ ಹಾಡಬಹುದು. ನಮ್ಮ ಗುಡಿಯಲ್ಲಿ ಮಾತ್ರ ಕಡೆಯ ನುಡಿಗೆ ಮುನ್ನ ಪೂಜಾರಿ ಹಾಡುಗಾರನ ಅಂಗೈಗೆ ಭಂಡಾರ, ಅಂದರೆ ದೇವರ ಅರಿಷಿಣ ಹಾಕುತ್ತಾನೆ. ಅದನ್ನು ಹಿಡಿದು ಆಡಿದ್ದು ಆಣೆ. ಮಾಳಪ್ಪ ಅಲ್ಲಿ ಹಿರಿಯರ ಪದಗಳನ್ನಷ್ಟೇ ಹಾಡಿದವನು, ತನ್ನ ಹೆಸರು ಹೇಳುವ ಪ್ರಸಂಗ ಅವನಿಗೆ ಬಂದಿರಲಿಲ್ಲ.

ಜನ ಕೇಳಿದರೆಂದು ಅವನು ನನ್ನ ಪದವನ್ನೇ ಎತ್ತಿದ. ನಾನು ಕಂಬಕ್ಕೊರಗಿ ಕುಳಿತಿದ್ದೆ. ಚೆನ್ನಾಗಿಯೇ ಹಾಡುತ್ತಿದ್ದ, ಅದೇ ನನ್ನ ಸಂಕಟ. ಕಡೆಯ ನುಡಿ ಬಂತು, ಪೂಜಾರಿ ಭಂಡಾರ ಹಾಕಿದ. ಮಾಳಪ್ಪ ಬಾಯಿ ತೆರೆದ, ಹೆಸರು ಹೊರಡಲಿಲ್ಲ. ಡೊಳ್ಳು ನಡೆದೇ ಇತ್ತು. ಮತ್ತೆ ಎತ್ತಿದ, ಮತ್ತೆ ನಿಂತ. ತನ್ನ ಹೆಸರು ಹೇಳಲು ದೇವರ ಭಯ, ನನ್ನ ಹೆಸರು ಹೇಳಲು ಜನರ ಭಯ.

ನಾನು ಯಾವಾಗ ಎದ್ದೆನೋ ತಿಳಿಯದು. ಅವನ ಅಂಗೈಯ ಭಂಡಾರವನ್ನು ನನ್ನ ಕೈಗೆ ಸುರಿದುಕೊಂಡೆ. ಗಂಟಲು ಹರಿದಂತಾಗಿ ದನಿ ಬಂತು. ಒಡೆದ ದನಿ, ಸೊಗಸೇನಿಲ್ಲ. ಆ ನುಡಿ ಪೂರ್ತಿ ಹಾಡಿ, ಹನ್ನೂರ ಸಿದ್ದಪ್ಪ ಕಟ್ಟಿದ ಪದವೆಂದು ಮುಗಿಸಿದೆ. ಹಿಂದಿನ ಸಾಲಿನವರು ಆ ಹೆಸರನ್ನೇ ಎತ್ತಿ ಹಾಡಿದರು. ನಾನು ನಿಂತಲ್ಲೇ ಅತ್ತೆ.

ಮರುದಿನ ದನಿ ಮತ್ತೆ ಹೋಯಿತು, ತಿರುಗಿ ಬಂದಿಲ್ಲ. ಮಾಳಪ್ಪ ತಪ್ಪಾಯಿತೆನ್ನಲಿಲ್ಲ. ಬೇರೆ ಊರುಗಳಲ್ಲಿ ಈಗಲೂ ತನ್ನ ಹೆಸರಿನಲ್ಲೇ ಹಾಡುತ್ತಾನಂತೆ. ಲಕ್ಕವ್ವ ಬಡಿಸುತ್ತಾಳೆ, ಉಣ್ಣುತ್ತೇನೆ. ನಾನು ಸುಮ್ಮನಿರುವುದು ದನಿಯಿಲ್ಲದ್ದಕ್ಕೆ ಎಂದು ಅವಳು ತಿಳಿದಿದ್ದಾಳೆ.

ಬೀರೋಬ ನಾನು ಕೇಳಿದಷ್ಟೇ ಕೊಟ್ಟ, ನಾನು ಹೇಳಿದಂತೆಯೇ ತೆಗೆದುಕೊಂಡ. ಅವನ ಬಗ್ಗೆ ನನಗೆ ಕೊರಗಿಲ್ಲ, ಅಮಾವಾಸ್ಯೆ ತಪ್ಪದೆ ಗುಡಿಗೆ ಹೋಗಿ ಅಡ್ಡಬೀಳುತ್ತೇನೆ. ನನ್ನ ಪಾಲಿಗೆ ಮಾತು ಉಳಿಸಿಕೊಂಡವನು ಅವನೊಬ್ಬನೇ.