ಸೀಮೆಸುಣ್ಣದ ಗಾಡಿ

ಮೇಸ್ತ್ರಿಯ ಬಲಗಿವಿಯ ಮೇಲೆ, ಬೇರೆಯವರು ಬೀಡಿ ಸಿಕ್ಕಿಸುವ ಜಾಗದಲ್ಲಿ, ಯಾವಾಗಲೂ ಒಂದು ಸೀಮೆಸುಣ್ಣದ ತುಂಡು ಇರುತ್ತಿತ್ತು. ಕೈಕಾಲು, ಬನಿಯನ್ನು, ಗಡ್ಡ ಎಲ್ಲಕ್ಕೂ ಗ್ರೀಸು ಮೆತ್ತಿದ್ದರೂ ಕಿವಿಯೊಂದು ಮಾತ್ರ ಬೆಳ್ಳಗೆ. ನಾನು ಊರಿಂದ ದಿನಾ ಹೋಗಿಬಂದು ದಾವಣಗೆರೆಯ ಹೈಸ್ಕೂಲೊಂದರಲ್ಲಿ ಗಣಿತ ಹೇಳಿಕೊಡುತ್ತಿದ್ದವಳು; ಸೀಮೆಸುಣ್ಣ ನನ್ನ ಸ್ವತ್ತು ಎಂಬ ಜಂಬ ಇತ್ತು. ಹರಿಹರದ ಅವರ ಗಾಡಿ ರಿಪೇರಿ ಶೆಡ್ಡಿಗೆ ಹೋದ ಮೇಲೆ ಅದು ಇಳಿಯಿತು.

ಹೋದದ್ದು ಅಪ್ಪನ ಗಾಡಿಗಾಗಿ. ಸೈನ್ಯದವರು ಹರಾಜು ಹಾಕಿದ್ದ ಹಳೆಯ ಪಿಕಪ್ಪು ಅದು, ನಾಲ್ಕು ಚಕ್ರಕ್ಕೂ ಎಂಜಿನ್ನಿನ ಬಲ ಹೋಗುವಂಥದ್ದು. ಕೊಂಡಜ್ಜಿಯ ನಮ್ಮ ಗದ್ದೆಯ ಕೆಸರಿನಲ್ಲಿ ಎತ್ತಿನ ಬಂಡಿ ಹೂತರೂ ಇದು ಸಿಕ್ಕಿಕೊಳ್ಳುತ್ತಿರಲಿಲ್ಲ. ಅಪ್ಪ ಹುಲ್ಲಿನ ಬಣವೆಯಿಂದ ಬಿದ್ದು ಎಡ ಮೊಣಕಾಲು ಮಡಚದಂತಾದಾಗ, ಕ್ಲಚ್ ತುಳಿಯಲಾಗದೆ ಅದನ್ನು ಹುಣಸೆಮರದ ಕೆಳಗೆ ನಿಲ್ಲಿಸಿದ. ಸೀಟಿನಲ್ಲಿ ಕೋಳಿಗಳು ಕಾವಿಗೆ ಕೂತವು. ಆರು ವರ್ಷ ಅಪ್ಪನೂ ಮನೆ ಮುಂದಿನ ಕಟ್ಟೆ ಬಿಟ್ಟು ಏಳಲಿಲ್ಲ. ಊಟಕ್ಕೆ ಕರೆದರೆ ಬರುತ್ತಿದ್ದ, ಮಾತಾಡಿಸಿದರೆ ಮಾತಾಡುತ್ತಿದ್ದ, ಅಷ್ಟೇ. ಗಾಡಿ ಎದ್ದರೆ ಇವನೂ ಎದ್ದಾನು ಎಂಬ ಆಸೆ ನನ್ನದು. ಓಡಿಸುವವಳು ಮಾತ್ರ ನಾನೇ ಎಂದು ನಾನೇ ತೀರ್ಮಾನಿಸಿದ್ದೆ.

ಎಂಬತ್ತರ ದಶಕದ ಮೊದಲ ವರ್ಷಗಳ ಒಂದು ಬೇಸಿಗೆ ರಜೆಯಲ್ಲಿ ಗ್ರಾಫ್ ಹಾಳೆಯ ಮೇಲೆ ಇಡೀ ಗಾಡಿಯನ್ನು ಹೊಸದಾಗಿ ಬರೆದುಕೊಂಡು ಹೋದೆ. ಡೀಸೆಲ್ ಎಂಜಿನ್ನು, ಅಗಲದ ತೊಟ್ಟಿ, ಮೇಲೊಂದು ಟಾರ್ಪಾಲು. ಕೆಸರಿನಲ್ಲಿ ಬಸವನಹುಳುವಿನಂತೆ ತೆವಳಲು ಇದ್ದ ನಿಧಾನದ ಗೇರನ್ನು ಕಿತ್ತುಹಾಕುವುದೆಂದು ಬರೆದು ಕೆಂಪು ಗೆರೆ ಬೇರೆ ಎಳೆದಿದ್ದೆ. ಮೇಸ್ತ್ರಿ ಕೈ ಒರೆಸಿಕೊಂಡು ಹಾಳೆ ತೆಗೆದುಕೊಂಡರು, ಬಹಳ ಹೊತ್ತು ನೋಡಿದರು, ಮಡಿಕೆ ತಪ್ಪದಂತೆ ಮಡಚಿ ವಾಪಸು ಕೊಟ್ಟರು.

“ಚಂದ ಐತ್ರಿ ಟೀಚರಮ್ಮ. ಆದ್ರೆ ಹಾಳಿ ಒಳಗೆ ಕೂಡಾಕಾಗಲ್ಲ.”

ಅವರ ಪದ್ಧತಿಯೇ ಬೇರೆ. ಯಾವ ಗಾಡಿ ಬಂದರೂ ಮೊದಲು ಅಳೆದು, ಶೆಡ್ಡಿನ ಕಲ್ಲುಹಾಸಿನ ಮೇಲೆ ಅದರಷ್ಟೇ ದೊಡ್ಡದಾಗಿ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರು. ಸೀಟಿನ ಜಾಗದಲ್ಲಿ ಸ್ಟೂಲು. ಗಾಡಿಯ ಮನೆಯವರು ಬಂದು ಅದರಲ್ಲಿ ಕೂತು, ಕೈಕಾಲು ಆಡಿಸಿ, ಒಪ್ಪಬೇಕು. ಅಲ್ಲಿಯವರೆಗೆ ಸ್ಪ್ಯಾನರ್ ಮುಟ್ಟುವವರಲ್ಲ. ಮೇಸ್ತ್ರಿ ನೆಲದ ಮೇಲೇ ಗಾಡಿ ಓಡಿಸ್ತಾನೆ ಎಂದು ಪೇಟೆಯವರು ನಗುತ್ತಿದ್ದರು. ನಮ್ಮ ಗಾಡಿಯನ್ನು ಎಳೆಸಿ ತಂದ ಮೇಲೆ, ಅದರ ಗೆರೆಗಳು ನೆಲದ ಮೇಲೆ ಮೂಡಿದ ದಿನ ನಾನು ಅವನ್ನು ದಾಟಿ ನೇರವಾಗಿ ಸ್ಟೂಲಿನ ಕಡೆ ಹೊರಟೆ.

“ಅಯ್ಯೋ, ಎಂಜಿನ್ ತುಳಿದ್ರಲ್ರೀ! ಬಾಗ್ಲಿಂದ ಬರ್ರಿ!”

ಗದರಿಸಿದರೆಂದು ಕೋಪ ಬಂದಿತು. ಆದರೂ ಹಿಂದೆ ಹೋಗಿ, ಇಲ್ಲದ ಬಾಗಿಲು ತೆಗೆದು ಒಳಗೆ ಬಂದೆ. ಅವರು ತೃಪ್ತಿಯಿಂದ ತಲೆಯಾಡಿಸಿದರು. ಡೀಸೆಲ್ ಎಂಜಿನ್ನಿಗೆ ಒಪ್ಪಿದರು, ತೊಟ್ಟಿಗೂ ಒಪ್ಪಿದರು. ನಿಧಾನದ ಗೇರಿನ ವಿಷಯಕ್ಕೆ ಮಾತ್ರ ಜಗ್ಗಲಿಲ್ಲ.

“ಅದು ಇರ್ಲಿ, ತೆಗಿಯೋದು ಬ್ಯಾಡ. ಜೋರಾಗಿ ಎಲ್ಲಾ ಗಾಡಿ ಓಡ್ತಾವ್ರಿ. ನಡ್ಯೋರ ಜೊತೆ ನಡ್ಯಾಕೆ ಬರ್ಬೇಕು.”

ಮರುವಾರ ಅಪ್ಪನನ್ನು ಬಸ್ಸಿನಲ್ಲಿ ಕರೆತಂದೆ. ನಾನು ಡ್ರೈವರ್ ಸ್ಟೂಲಿನಲ್ಲಿ, ಅಪ್ಪ ಪಕ್ಕದಲ್ಲಿ ಕಾಲು ನೀಡಿಕೊಂಡು. ಮೇಸ್ತ್ರಿ ಎದುರಿಗೆ ನಿಂತು, “ಕೆಸರು ಬಂತು ಟೀಚರಮ್ಮ. ಏನ್ ಮಾಡ್ತೀರಿ?” ಎಂದರು. ನಾನು ಯೋಚಿಸುತ್ತಿದ್ದೆ. ಅಷ್ಟರಲ್ಲಿ ಅಪ್ಪನ ಬಲಗಾಲು ಕಲ್ಲನ್ನು ಒತ್ತಿತು, ಕೈ ಗಾಳಿಯಲ್ಲೇ ಗೇರು ಬದಲಿಸಿತು. ಅಪ್ಪನಿಗೇ ಅದು ಗೊತ್ತಾದಂತಿರಲಿಲ್ಲ.

ಮೇಸ್ತ್ರಿ ನೋಡಿದರು. ಒದ್ದೆ ಬಟ್ಟೆ ತಂದು, ಒಂದು ವಾರ ಕೂತು ಬರೆದಿದ್ದ ಡ್ರೈವರ್ ಕಡೆಯ ಗೆರೆಗಳನ್ನೆಲ್ಲ ಒರೆಸಿಬಿಟ್ಟರು.

“ಜಾಗ ಬದಲಿ ಮಾಡ್ರಿ.”

“ಅಪ್ಪನ ಕಾಲು...” ಎಂದೆ.

“ಕಾಲಿನ ಮಾತು ಯಾಕ್ರಿ? ಕೈ ನೋಡಿದ್ರಿಲ್ಲ?”

ಅಪ್ಪನ ಎಡಗೈ ಹಿಡಿದು ಕಲ್ಲಿನ ಮೇಲೆ ಅಗಲಿಸಿ, ಬೆರಳುಗಳ ಸುತ್ತ ಗೆರೆ ಎಳೆದರು. ಆ ಅಳತೆಗೆ ಸರಿಯಾಗಿ, ಗೇರಿನ ಪಕ್ಕದಲ್ಲೇ, ಕ್ಲಚ್ಚಿಗೊಂದು ಕೈಕೋಲು ಬರೆದರು. ಅಂಗೈ ಕ್ಲಚ್ಚನ್ನು ಒತ್ತಿ ಹಿಡಿದಿರುವಾಗಲೇ ಬೆರಳು ಗೇರು ಬದಲಿಸಬೇಕು. ಅಪ್ಪ ಸೀಮೆಸುಣ್ಣದ ಗಾಡಿಯಲ್ಲಿ ಮಧ್ಯಾಹ್ನದವರೆಗೆ ಕೂತು ಅಭ್ಯಾಸ ಮಾಡಿದ. ಚಹಾ ಬಂದರೂ ಇಳಿಯಲಿಲ್ಲ. ನನಗೆ ನಾಚಿಕೆಯಾಯಿತು. ಆರು ವರ್ಷ ಒಂದೇ ಸೂರಿನಡಿ ಇದ್ದ ನಾನು ಅಪ್ಪನ ಕಾಲನ್ನು ಮಾತ್ರ ನೋಡಿಕೊಂಡು ಬಂದಿದ್ದೆ.

ದೀಪಾವಳಿಯ ಹೊತ್ತಿಗೆ ಗಾಡಿ ಸಿದ್ಧವಾಯಿತು. ಹರಿಹರದಿಂದ ಕೊಂಡಜ್ಜಿಗೆ ಅಪ್ಪನೇ ಓಡಿಸಿಕೊಂಡು ಬಂದ. ನಾನು ಪಕ್ಕದಲ್ಲಿ ಜೀವ ಕೈಯಲ್ಲಿ ಹಿಡಿದು ಕೂತಿದ್ದೆ. ಅಪ್ಪನೋ, ದಾರಿಯುದ್ದಕ್ಕೂ ಎದುರು ಬಂದವರನ್ನೆಲ್ಲ ಬೈದುಕೊಂಡೇ ಬಂದ. ಆರು ವರ್ಷದ ಬೈಗುಳ ಬಾಕಿ ಇತ್ತಲ್ಲ! ಅವತ್ತಿನಿಂದ ಕಟ್ಟೆಯ ಮೇಲೆ ಅಪ್ಪ ಸಿಗುವುದೇ ಅಪರೂಪವಾಯಿತು. ನಾನು ವರ್ಷಕ್ಕೊಂದು ಡಬ್ಬಿ ಸೀಮೆಸುಣ್ಣ ಮೇಸ್ತ್ರಿಗೆ ಕೊಟ್ಟು ಬರುತ್ತಿದ್ದೆ. “ಸ್ಕೂಲಿಂದು ಕದ್ದು ತಂದ್ರೇನ್ರಿ?” ಎಂದು ಪ್ರತಿ ಸಲವೂ ಕೇಳುತ್ತಿದ್ದರು.

ಐದು ಡಬ್ಬಿ ಕೊಟ್ಟಿದ್ದೆ. ಆರನೆಯದು ಕೊಡುವ ಮೊದಲೇ ಮೇಸ್ತ್ರಿ ತೀರಿಕೊಂಡರೆಂದು ಒಂದು ಬೆಳಿಗ್ಗೆ ಸುದ್ದಿ ಬಂತು. ಅಪ್ಪ ಗಾಡಿ ತೆಗೆದ. ನಾವು ಮುಟ್ಟುವ ಹೊತ್ತಿಗೆ ಜನಾಜಾ ಹೊರಟಿತ್ತು. ಹೆಗಲು ಕೊಡಲು ಸಾಲುಸಾಲಾಗಿ ಜನ. ಆ ಕಾಲಿನಲ್ಲಿ ಅಪ್ಪ ಅವರ ಹೆಜ್ಜೆಗೆ ಹೆಜ್ಜೆ ಹಾಕುವಂತಿರಲಿಲ್ಲ. ನಿಧಾನದ ಗೇರು ಹಾಕಿದ. ಕಬರಸ್ತಾನದ ಗೇಟಿನವರೆಗೆ ಗಾಡಿ ಅವರೆಲ್ಲರ ಹಿಂದೆ, ನಡೆಯುವವರಂತೆಯೇ ನಡೆಯಿತು.

ಗೇಟಿನ ಹತ್ತಿರ ಎಂಜಿನ್ ನಿಲ್ಲಿಸಿ, ಅಪ್ಪ ನನ್ನ ಕಡೆ ತಿರುಗದೆ ಹೇಳಿದ: “ಈ ಗೇರು ಕೀಳಿಸ್ತೀನಿ ಅಂದಿದ್ಯಲ್ಲ ನೀನು.”

ಹೂಂ ಎಂದೆ.