ಹೆಫಿನಾಳ ಮುಂಗೋಣೆ

ಹೆಫಿನಾ ಪ್ರೋಬರ್ಟ್ ಹುಟ್ಟಿದ್ದು ತನ್ನದೇ ಮನೆಯ ಹಿತ್ತಲ ಶೆಡ್ಡಿನಲ್ಲಿ. ಬಡತನವೇನಲ್ಲ, ಮನೆಗೆ ಏಳು ಕೋಣೆಗಳಿದ್ದವು. ಆದರೆ ಅದು ಜುಲೈ ತಿಂಗಳು. ಏಳರಲ್ಲೂ ಬರ್ಮಿಂಗ್‌ಹ್ಯಾಮಿನ ಅತಿಥಿಗಳಿದ್ದರು. ವೇಲ್ಸಿನ ನಮ್ಮ ಈ ಕಡಲೂರಿನಲ್ಲಿ ಬೇಸಿಗೆಯಲ್ಲಿ ಹುಟ್ಟಿದವರ ಪಾಡೆಲ್ಲ ಅಷ್ಟೇ. ಪಕ್ಕದ ಮನೆಯ ನಾನೂ ಕಲ್ಲಿದ್ದಲ ಕೊಟ್ಟಿಗೆಯಲ್ಲಿ ಹುಟ್ಟಿದವಳು, ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಹೀಗೆ ಕೋಣೆಗಳನ್ನು ಅತಿಥಿಗಳಿಗೆ ಬಾಡಿಗೆಗೆ ಕೊಡುವುದನ್ನು ಶುರುಮಾಡಿದವಳು ಹೆಫಿನಾಳ ಅಜ್ಜಿ. ಅಲ್ಲಿಯತನಕ ನಮ್ಮೂರು ಹೆರಿಂಗ್ ಮೀನು ಮತ್ತು ಪ್ರಾರ್ಥನೆಯ ಮೇಲೆ ಬದುಕಿತ್ತು. ರೈಲು ಬಂತು. ಸಮುದ್ರದ ನೀರು ಕುಡಿದರೆ ಹೊಟ್ಟೆನೋವು ಹೋಗುತ್ತದೆಂದು ಯಾವನೋ ಡಾಕ್ಟರನ ಮಾತು ನಂಬಿದ ಶ್ರೀಮಂತರು ಅದರಲ್ಲಿ ಬಂದಿಳಿದರು. ಕುಡಿದರು, ವಾಂತಿ ಮಾಡಿಕೊಂಡರು, ಮರುವರ್ಷ ಮತ್ತೆ ಬಂದರು. ಅಜ್ಜಿ ಮಹಡಿಯ ಮುಂಗೋಣೆಗೆ ಸಮುದ್ರದ ಕಡೆ ದೊಡ್ಡ ಕಿಟಕಿ ಇಡಿಸಿ, ಮಕ್ಕಳುಮರಿಗಳನ್ನೆಲ್ಲ ಶೆಡ್ಡಿಗೆ ಅಟ್ಟಿದಳು.

ಶ್ರೀಮಂತರು ಹೋಗಿ ಕಾರ್ಖಾನೆಯವರು ಬಂದರು, ಯುದ್ಧದಲ್ಲಿ ಸಿಪಾಯಿಗಳು ಬಂದರು. ಹೆಫಿನಾ ಮಾತ್ರ ಪ್ರತಿ ವರ್ಷ ಮೇ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಶೆಡ್ಡಿನಲ್ಲೇ. ಅವಳಿಗಿದ್ದದ್ದು ಒಂದೇ ಆಸೆ. ಒಂದು ಆಗಸ್ಟಿನಲ್ಲಾದರೂ ಆ ಮುಂಗೋಣೆಯಲ್ಲಿ ಮಲಗಿ, ಕಣ್ಣು ಬಿಟ್ಟ ಕೂಡಲೇ ಸಮುದ್ರ ನೋಡಬೇಕು.

"ಚಳಿಗಾಲದಲ್ಲಿ ನೋಡ್ತೀಯಲ್ಲೇ," ಎಂದು ನಾನೆಂದರೆ, "ಚಳಿಗಾಲದ ಸಮುದ್ರ ಯಾರಿಗೆ ಬೇಕು ನೆಸ್ಟಾ? ಅದು ಪಾತ್ರೆ ತೊಳೆದ ನೀರು ಕಣೆ," ಎನ್ನುತ್ತಿದ್ದಳು.

ಆಮೇಲೆ ರೈಲು ನಿಂತಿತು. ಜನ ವಿಮಾನ ಹತ್ತಿ ಸ್ಪೇನಿಗೆ ಹೋಗತೊಡಗಿದರು. ಊರಿಗೆ ಊರೇ ಗೋಳಾಡುತ್ತಿದ್ದಾಗ ಹೆಫಿನಾಳ ಮುಖದಲ್ಲಿ ಕಳೆಯೋ ಕಳೆ. ಅರವತ್ತೆಂಟನೆಯ ವಯಸ್ಸಿನಲ್ಲಿ, ಆಗಸ್ಟ್ ಒಂದನೇ ತಾರೀಕು, ತಲೆದಿಂಬು ಕಂಕುಳಲ್ಲಿಟ್ಟುಕೊಂಡು ಮುಂಗೋಣೆಗೆ ಏರಿದಳು. ಗಂಡ ಇದ್ವಾಲ್ ಮಾತ್ರ ಶೆಡ್ಡು ಬಿಡಲೊಪ್ಪಲಿಲ್ಲ.

"ಅಷ್ಟು ಒಣಗಿದ ಜಾಗದಲ್ಲಿ ನಂಗೆ ನಿದ್ದೆ ಹತ್ತಲ್ಲ," ಎಂದ.

ಮರುದಿನ ಬೆಳಿಗ್ಗೆ ಹತ್ತೂವರೆಗೆ ನೋಡಿದರೆ, ಹೆಫಿನಾ ಸುರಿಯುವ ಮಳೆಯಲ್ಲಿ ಕಡಲದಂಡೆಯ ಬೆಂಚಿನ ಮೇಲೆ ಕೂತಿದ್ದಾಳೆ.

"ಯಾಕೆ ಕಣೆ, ಮನೆಗೆ ಬೆಂಕಿ ಬಿತ್ತಾ?"

"ಹತ್ತು ಗಂಟೆಯಾದ್ಮೇಲೆ ಕೋಣೇಲಿ ಯಾರೂ ಇರಬಾರ್ದು. ಮತ್ತೆ ಬಾಗಿಲು ತೆಗೆಯೋದು ಐದಕ್ಕೆ."

"ಅದು ಅತಿಥಿಗಳಿಗೆ ಅಂತ ನೀನೇ ಮಾಡಿದ ನಿಯಮ ಅಲ್ವೇನೇ, ಮಂಕೆ?"

"ಗೊತ್ತು. ಆದ್ರೆ ಹತ್ತು ಹೊಡೆದ ತಕ್ಷಣ ಕಾಲು ತಾನೇ ಆಚೆ ಬಂತು."

ಹುಟ್ಟುಗುಣ ಸುಟ್ಟರೂ ಹೋಗದು ಎಂದು ಬೈದು, ನನ್ನ ಕೊಡೆಯನ್ನೇ ಕೊಟ್ಟು ಬಂದೆ. ನಾಲ್ಕನೇ ದಿನವೂ ಅದೇ ಕತೆ. ಯಾರಾದರೂ ಬಂದು ಬಾಗಿಲು ತಟ್ಟಿದರೆ ಸಾಕು, ಈ ಹೆಂಗಸು ಕೋಣೆ ಬಿಟ್ಟುಕೊಟ್ಟು ಶೆಡ್ಡಿಗೆ ಓಡಿಬರುತ್ತಾಳೆ ಎಂದು ಇದ್ವಾಲನಿಗೆ ಹೇಳಿದೆ. ಅವನು ಆಗಲೇ ಅವಳ ಹಾಸಿಗೆ ಕೊಡವಿ ಇಟ್ಟಿದ್ದ.

ಐದನೇ ದಿನ ಸಂಜೆ ತಟ್ಟಿಯೇ ಬಿಟ್ಟರು. ವುಲ್ವರ್‌ಹ್ಯಾಂಪ್ಟನ್ನಿನ ಗಂಡಹೆಂಡತಿ, ಕಾರಿನಲ್ಲಿ ಬಂದವರು. ನಾನು ಬೇಲಿಯ ಪಕ್ಕ ನಿಂತೆ, ಕೇಳಿಸಿಕೊಳ್ಳಲೆಂದೇ ನಿಂತೆ.

"ಸಮುದ್ರ ಕಾಣೋ ಕೋಣೆ ಬೇಕಿತ್ತು," ಎಂದ ಗಂಡ.

ಹೆಫಿನಾಳ ಕೈ ಅವರ ಪೆಟ್ಟಿಗೆಗೆ ಹೋಯಿತು. ಎತ್ತಿಕೊಂಡು ಮೆಟ್ಟಿಲಿನತ್ತ ನಡೆದೂಬಿಟ್ಟಳು. ನಾನು ಹೇಳಿದ್ದು ನಿಜವಾಗುವುದು ನನಗೇ ಬೇಡವಾಗಿತ್ತು.

ಮೆಟ್ಟಿಲ ಬುಡದಲ್ಲಿ ಅವಳು ಪೆಟ್ಟಿಗೆ ಕೆಳಗಿಟ್ಟಳು.

"ಉಳಿದ ಆರೂ ಖಾಲಿ ಇವೆ, ಯಾವುದು ಬೇಕಾದ್ರೂ ತಗೊಳ್ಳಿ. ಮುಂಗೋಣೇಲಿ ಒಬ್ಬಳಿದಾಳೆ."

"ಅವರನ್ನ ಸ್ವಲ್ಪ ಬೇರೆ ಕಡೆ ಕಳಿಸಕ್ಕಾಗಲ್ವಾ? ಮನೆ ಯಜಮಾನಿ ನೀವು ಹೇಳಿದ್ರೆ ಕೇಳ್ತಾರೇನೋ."

"ಅರವತ್ತೇಳು ವರ್ಷ ಕೇಳಿದಾಳೆ," ಎಂದಳು ಹೆಫಿನಾ. "ಈ ವರ್ಷ ಕೇಳಲ್ವಂತೆ."